ಪ್ರೊಸೆಸರ್ ಬದಲಿಸುವ ಮುನ್ನ: ಯಾವ ಭಾಗಕ್ಕಾಗಿ ಯಾವ ಭಾಗ ಕಾಯುತ್ತಿದೆ?

ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಆಡಿದವರಲ್ಲಿ ಅನೇಕರಿಗೆ ಈ ಅನುಭವವಾಗಿದೆ. ಮೊದಲೆರಡು ಅಂಕಗಳುದ್ದಕ್ಕೂ ಕಾಡು, ಗುಹೆ, ಪಾಳು ಕಟ್ಟಡಗಳ ನಡುವೆ ಸಲೀಸಾಗಿ ಸಾಗಿದ ಆಟ, ಮೂರನೆಯ ಅಂಕದಲ್ಲಿ ನಗರದೊಳಕ್ಕೆ ಕಾಲಿಟ್ಟ ಕೂಡಲೇ ಮುಗ್ಗರಿಸತೊಡಗುತ್ತದೆ. ಬೀದಿ ತುಂಬ ಜನ, ಒಬ್ಬೊಬ್ಬರದೂ ಒಂದೊಂದು ದಾರಿ. ಆಟಗಾರ ಮೆನುವಿಗೆ ಹೋಗಿ ನೆರಳಿನ ಗುಣಮಟ್ಟ ಇಳಿಸುತ್ತಾನೆ, ರೆಸೊಲ್ಯೂಷನ್ (ಚಿತ್ರದಲ್ಲಿರುವ ಚುಕ್ಕೆಗಳ ಸಂಖ್ಯೆ) ಇಳಿಸುತ್ತಾನೆ. ಚಿತ್ರ ಮಂಕಾಗುತ್ತದೆಯೇ ಹೊರತು ಮುಗ್ಗರಿಸುವುದು ನಿಲ್ಲುವುದಿಲ್ಲ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಅಲ್ಲಿ ಬಿಡುವಿದೆ. ಆ ಜನರೆಲ್ಲರ ಲೆಕ್ಕ ಇಡಬೇಕಾದ ಪ್ರೊಸೆಸರ್ ಸೋತಿದೆ.

ಅದೇ ಕಂಪ್ಯೂಟರನ್ನು 4ಕೆ ಎಂಬ ಅತಿ ಸೂಕ್ಷ್ಮ ಚಿತ್ರದ ಪರದೆಗೆ ಜೋಡಿಸಿ, ಜನಸಂದಣಿಯಿಲ್ಲದ ಬೇರೊಂದು ಆಟ ಹಾಕಿದರೆ ತೀರ್ಪು ಪೂರ್ತಿ ತಿರುಗಬಹುದು. ಆಗ ಪ್ರೊಸೆಸರ್ ತನ್ನ ಪಾಲಿನ ಕೆಲಸ ಮುಗಿಸಿ ಗ್ರಾಫಿಕ್ಸ್ ಕಾರ್ಡಿನ ದಾರಿ ನೋಡುತ್ತಿರುತ್ತದೆ. 'ನನ್ನ ಪ್ರೊಸೆಸರ್ ಹಳತಾಯಿತೇ?' ಎಂಬ ಪ್ರಶ್ನೆಗೆ ಆಟ ಯಾವುದು, ಪರದೆ ಯಾವುದು, ಸೆಕೆಂಡಿಗೆ ಎಷ್ಟು ಫ್ರೇಮ್ (ಒಂದರ ಹಿಂದೊಂದು ಮೂಡುವ ಬಿಡಿ ಚಿತ್ರ) ಬೇಕು ಎಂಬುದು ತಿಳಿಯದೆ ಉತ್ತರ ಹೇಳಲು ಬರುವುದಿಲ್ಲ. ಆದರೂ ಬಹಳಷ್ಟು ಜನ ಚಿಪ್ಪಿನ ವಯಸ್ಸು ನೋಡಿ, ಇಲ್ಲವೇ ಯಾರೋ ನಡೆಸಿದ ಪರೀಕ್ಷೆಯ ಪಟ್ಟಿ ನೋಡಿ ಹಣ ಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವುದು ಆಗಲೇ. ಆರು ವರ್ಷದ ಪ್ರೊಸೆಸರ್ ಒಬ್ಬನಿಗೆ ಧಾರಾಳವಾಗಿ ಸಾಕಾಗುತ್ತದೆ, ಎರಡು ವರ್ಷದ್ದು ಇನ್ನೊಬ್ಬನಿಗೆ ಸಾಲದೆ ಹೋಗುತ್ತದೆ. ಇಬ್ಬರೂ ಹೇಳುವುದು ನಿಜವೇ.

ಪರದೆಯ ಮೇಲೆ ಮೂಡುವ ಪ್ರತಿಯೊಂದು ಫ್ರೇಮಿನ ಹಿಂದೆ ಎರಡು ಹಂತದ ದುಡಿಮೆಯಿದೆ. ಮೊದಲು ಪ್ರೊಸೆಸರ್ ಆಟದ ಲೋಕವನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸುತ್ತದೆ. ಹಾರಿದ ಗುಂಡು ಎಲ್ಲಿಗೆ ತಲುಪಿತು, ಶತ್ರು ಯಾವ ಕಡೆ ತಿರುಗಿದ, ಉರುಳಿದ ಪೀಪಾಯಿ ಯಾವುದಕ್ಕೆ ಬಡಿಯಿತು ಎಂಬುದನ್ನೆಲ್ಲ ಲೆಕ್ಕ ಹಾಕಿ, ಏನೇನು ಬಿಡಿಸಬೇಕೆಂಬ ಆದೇಶಗಳ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುತ್ತದೆ. ಕಾರ್ಡ್ ಅದನ್ನು ಚಿತ್ರವಾಗಿಸುವಷ್ಟರಲ್ಲಿ ಪ್ರೊಸೆಸರ್ ಮುಂದಿನ ಫ್ರೇಮಿನ ಕೆಲಸ ಹಿಡಿದಿರುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಎರಡಕ್ಕೂ ಸಿಗುವ ಸಮಯ ತಲಾ 16.7 ಮಿಲಿಸೆಕೆಂಡ್. 144 ಬೇಕೆಂದರೆ 6.9, 240 ಬೇಕೆಂದರೆ ಬರೀ 4.2. ಎರಡರಲ್ಲಿ ಯಾವುದು ನಿಧಾನವೋ ಅದರ ವೇಗವೇ ಆಟದ ವೇಗ.

ರೆಸೊಲ್ಯೂಷನ್ ಹೆಚ್ಚಿಸಿದಾಗ ಭಾರ ಬೀಳುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಮೇಲೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆಯಲ್ಲಿ ಅದರ ನಾಲ್ಕು ಪಟ್ಟು, ಸುಮಾರು 83 ಲಕ್ಷ. ಶತ್ರುವಿನ ನಡೆಯ ಲೆಕ್ಕ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಪ್ರೊಸೆಸರ್‌ಗಳನ್ನು ಹೋಲಿಸುವ ವಿಮರ್ಶಕರು ಅತಿ ಬಲಿಷ್ಠ ಗ್ರಾಫಿಕ್ಸ್ ಕಾರ್ಡನ್ನು 1080ಪಿಯಲ್ಲಿ ಓಡಿಸುವುದು ಇದೇ ಕಾರಣಕ್ಕೆ. ಕಾರ್ಡ್ ಅಡ್ಡಬರದಂತೆ ಮಾಡಿದರೆ ಮಾತ್ರ ಚಿಪ್ಪುಗಳ ನಡುವಿನ ಅಂತರ ಬೆಳಕಿಗೆ ಬರುತ್ತದೆ. ವಿಧಾನ ಸರಿಯಾಗಿಯೇ ಇದೆ. ಮಧ್ಯಮ ದರ್ಜೆಯ ಕಾರ್ಡ್ ಮತ್ತು 1080ಪಿಗೂ 4ಕೆಗೂ ನಡುವಿನ 1440ಪಿ ಪರದೆ ಇಟ್ಟುಕೊಂಡವನು ಆ ಅಂತರವನ್ನು ತನ್ನ ಮೇಜಿನ ಮೇಲೂ ನಿರೀಕ್ಷಿಸಿದಾಗ ಎಡವಟ್ಟಾಗುತ್ತದೆ. ಅವನ ಕಾರ್ಡ್ 80 ಫ್ರೇಮಿಗೆ ಸುಸ್ತಾಗುವುದಾದರೆ, 150 ಫ್ರೇಮ್ ಕೊಡಬಲ್ಲ ಪ್ರೊಸೆಸರ್ ಹಾಕಿದರೂ 200 ಕೊಡುವುದನ್ನು ಹಾಕಿದರೂ ಅವನಿಗೆ ಕಾಣುವುದು 80.

'4ಕೆಯಲ್ಲಿ ಆಡುವವರಿಗೆ ಪ್ರೊಸೆಸರ್ ಮುಖ್ಯವಲ್ಲ' ಎಂಬ ಮಾತು ಹಲವು ವರ್ಷಗಳಿಂದ ಚಾಲ್ತಿಯಲ್ಲಿದೆ. ಅದು ಈಗ ಅರ್ಧ ಮಾತ್ರ ನಿಜ. ಇಂದು 4ಕೆ ಪರದೆಯಲ್ಲಿ ಆಡುವವರು ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ ಬಳಸುವುದೇ ಹೆಚ್ಚು. ಅದರ ಪರ್ಫಾರ್ಮೆನ್ಸ್ ಆಯ್ಕೆಯಲ್ಲಿ ಕಾರ್ಡ್ ಒಳಗೆ ಬಿಡಿಸುವುದು 1080ಪಿ ಚಿತ್ರವನ್ನು. ಆಮೇಲೆ ಅದನ್ನು ಹಿಗ್ಗಿಸಿ ತಿದ್ದುತ್ತದೆ. ಕಾರ್ಡಿನ ಹೊರೆ ಇಳಿದು ಫ್ರೇಮ್ ದರ ಏರಿದಷ್ಟೂ ಪ್ರೊಸೆಸರ್ ಬೇಗ ಬೇಗ ಪಟ್ಟಿ ಒಪ್ಪಿಸಬೇಕಾಗುತ್ತದೆ. ಅಂದರೆ ಪರದೆ 4ಕೆಯದಾದರೂ ಪ್ರೊಸೆಸರ್ ಪಾಲಿಗೆ ಅದು 1080ಪಿ ಆಟವೇ. ಬೆಳಕಿನ ಹಾದಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಬಿಡಿಸುವ ರೇ ಟ್ರೇಸಿಂಗ್ ಕೂಡ ಬರೀ ಕಾರ್ಡಿನ ಕೆಲಸವಲ್ಲ. ಬೆಳಕಿನ ಕಿರಣ ಯಾವ ವಸ್ತುವಿಗೆ ತಾಗಿತು ಎಂದು ಹುಡುಕಲು ಬೇಕಾದ ರಚನೆಯನ್ನು ಪ್ರತಿ ಫ್ರೇಮಿನಲ್ಲೂ ಸರಿಪಡಿಸುತ್ತಿರಬೇಕು, ಅದರ ಸಿದ್ಧತೆಯ ಭಾರ ಪ್ರೊಸೆಸರಿಗೂ ತಟ್ಟುತ್ತದೆ.

ಎರಡು ಫ್ರೇಮುಗಳ ನಡುವೆ ಹೊಸದೊಂದನ್ನು ಸೃಷ್ಟಿಸಿ ತುಂಬುವ ಫ್ರೇಮ್ ಜನರೇಷನ್ 2022ರಲ್ಲಿ ಡಿಎಲ್‌ಎಸ್‌ಎಸ್ 3ರ ಜೊತೆ ಬಂದಾಗ ಪ್ರೊಸೆಸರ್ ಕೊರತೆಗೆ ಮದ್ದು ಸಿಕ್ಕಿತೆಂದು ಹಲವರು ಭಾವಿಸಿದರು. ಸೃಷ್ಟಿಯಾದ ಫ್ರೇಮಿಗೆ ಪ್ರೊಸೆಸರ್ ಲೆಕ್ಕ ಹಾಕಬೇಕಿಲ್ಲವಾದ್ದರಿಂದ ಕಣ್ಣಿಗೆ ಚಲನೆ ನುಣುಪಾಗುವುದು ನಿಜ. ಆದರೆ ಮೌಸ್ ಅಲುಗಿಸಿದ್ದಕ್ಕೆ ಆಟ ಓಗೊಡುವುದು ಅಸಲಿ ಫ್ರೇಮುಗಳ ಲೆಕ್ಕದಲ್ಲೇ. ಅಸಲಿ ದರ 35ರಲ್ಲಿದ್ದರೆ ಪರದೆ 70 ತೋರಿಸಿದರೂ ಕೈಗೆ ಆಟ ಭಾರವೆನಿಸುತ್ತದೆ. ನನ್ನ ಮಟ್ಟಿಗೆ ಅದು ಚೆನ್ನಾಗಿ ಓಡುತ್ತಿರುವ ಆಟಕ್ಕೆ ಮೆರುಗು ಕೊಡುವ ಸಾಧನ, ಮುಗ್ಗರಿಸುತ್ತಿರುವ ಆಟಕ್ಕೆ ಊರುಗೋಲಾಗಲಾರದು.

ಹಾಗಾದರೆ ಯಾವ ಭಾಗ ಕಾಯುತ್ತಿದೆ ಎಂದು ತಿಳಿಯುವುದು ಹೇಗೆ? ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಬಳಕೆ ಶೇಕಡಾ 30 ಇರುವುದನ್ನು ನೋಡಿ 'ಇನ್ನೂ ಎಷ್ಟೊಂದು ಬಾಕಿ ಇದೆ' ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಎಂಟು ಕೋರ್ (ಲೆಕ್ಕ ಹಾಕುವ ಘಟಕ), ಹದಿನಾರು ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಸಾಲು) ಇರುವ ಚಿಪ್ಪಿನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಆ ಅಂಕಿಗೆ ಸೇರುವುದು ಶೇಕಡಾ 6ಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಆಟದ ಮುಖ್ಯ ಕೆಲಸ ಸಾಮಾನ್ಯವಾಗಿ ಒಂದೆರಡು ಥ್ರೆಡ್‌ಗಳಲ್ಲಿ ನಡೆಯುತ್ತದೆ. ಆ ಎರಡು ದಾರಿಗಳು ಕಿಕ್ಕಿರಿದಿದ್ದರೆ ಪಕ್ಕದ ಹದಿನಾಲ್ಕು ದಾರಿಗಳು ಖಾಲಿಯಿದ್ದು ಉಪಯೋಗವಿಲ್ಲ. ಆದ್ದರಿಂದ ನೋಡಬೇಕಾದ ಅಂಕಿ ಗ್ರಾಫಿಕ್ಸ್ ಕಾರ್ಡಿನದು. ಫ್ರೇಮ್ ಮಿತಿ, ಪರದೆಯ ವೇಗಕ್ಕೆ ಫ್ರೇಮುಗಳನ್ನು ಹೊಂದಿಸುವ ವಿ-ಸಿಂಕ್ ಎರಡನ್ನೂ ತೆಗೆದು ಆಡುವಾಗ ಕಾರ್ಡಿನ ಬಳಕೆ 95ರಿಂದ 99ರ ನಡುವೆ ನಿಂತಿದ್ದರೆ ಕಾರ್ಡೇ ಮಿತಿ. ಅದು 60, 70ರಲ್ಲಿ ಹೊಯ್ದಾಡುತ್ತಿದ್ದರೆ ಕಾರ್ಡ್ ಯಾವುದಕ್ಕೋ ಕಾಯುತ್ತಿದೆ ಎಂದರ್ಥ.

ಇದನ್ನು ಗಟ್ಟಿ ಮಾಡಿಕೊಳ್ಳಲು ಅರ್ಧ ಗಂಟೆ ಸಾಕು. ನೀವು ಹೆಚ್ಚು ಆಡುವ ಆಟದಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಜಾಗದಲ್ಲಿ ಆಟವನ್ನು ಉಳಿಸಿಕೊಳ್ಳಿ. ಪ್ರೆಸೆಂಟ್‌ಮಾನ್ ಅಥವಾ ಕ್ಯಾಪ್‌ಫ್ರೇಮ್‌ಎಕ್ಸ್‌ನಂಥ ಉಚಿತ ತಂತ್ರಾಂಶ ಹಾಕಿ, ಒಂದೇ ಹಾದಿಯಲ್ಲಿ ಮೂರು ನಿಮಿಷ ನಡೆದು ಫ್ರೇಮುಗಳ ಸಮಯ ದಾಖಲಿಸಿ. ಆಮೇಲೆ ರೆಸೊಲ್ಯೂಷನ್ನನ್ನು ಸಾಧ್ಯವಾದಷ್ಟು ಕೆಳಕ್ಕೆ ಇಳಿಸಿ ಅದೇ ಹಾದಿ ನಡೆಯಿರಿ. ಫ್ರೇಮ್ ದರ ಜಿಗಿದರೆ ಕಾರ್ಡ್ ಮಿತಿಯಾಗಿತ್ತು. ಕದಲದೆ ಅಲ್ಲೇ ನಿಂತರೆ ಪ್ರೊಸೆಸರ್ ಅಥವಾ ಅದಕ್ಕೆ ಅಂಟಿಕೊಂಡ ಮೆಮೊರಿ. ಸರಾಸರಿಯೊಂದನ್ನೇ ನೋಡಬೇಡಿ. 'ಒಂದು ಶೇಕಡಾ ಕನಿಷ್ಠ' ಎಂದು ದಾಖಲಾಗುವ ಅಂಕಿ, ಅಂದರೆ ಅತಿ ನಿಧಾನವಾಗಿ ಬಂದ ನೂರರಲ್ಲೊಂದು ಪಾಲು ಫ್ರೇಮುಗಳ ದರ, ನಿಮಗೆ ಆಗುವ ಕಿರಿಕಿರಿಯ ನಿಜವಾದ ಅಳತೆ. ಸರಾಸರಿ 110 ಇದ್ದು ಈ ಅಂಕಿ 38 ಇರುವ ಆಟಕ್ಕಿಂತ, ಸರಾಸರಿ 80 ಇದ್ದು ಇದು 65 ಇರುವ ಆಟ ಎಷ್ಟೋ ಹಿತ. ಪ್ರೊಸೆಸರ್ ಬದಲಾವಣೆಯ ನಿಜವಾದ ಫಲ ಕಾಣುವುದೂ ಈ ಕೆಳಗಿನ ಅಂಕಿಯಲ್ಲೇ. ಪ್ರೊಸೆಸರ್, ಕಾರ್ಡ್ ಎರಡರ ಹೆಸರು ಹಾಕಿದರೆ 'ಬಾಟಲ್‌ನೆಕ್ (ಅಡಚಣೆ) ಶೇಕಡಾ 17' ಎಂದು ಹೇಳುವ ಲೆಕ್ಕಯಂತ್ರಗಳನ್ನು ನಂಬಲೇಬೇಡಿ. ಆಟದ ಹೆಸರೇ ಕೇಳದೆ ಕೊಡುವ ಶೇಕಡಾವಾರಿಗೆ ಅರ್ಥವಿಲ್ಲ.

ಪರೀಕ್ಷೆ ಪ್ರೊಸೆಸರ್ ಕಡೆಗೆ ಬೆರಳು ತೋರಿಸಿದರೂ ತಕ್ಷಣ ಕೊಳ್ಳಲು ಹೊರಡಬೇಡಿ. ಕಳೆದ ಸಲ ಗೆಳೆಯನೊಬ್ಬ 'ಚಿಪ್ ಸತ್ತಿದೆ, ಹೊಸದು ಹೇಳು' ಎಂದು ಕರೆದಾಗ ನಾನು ಮೊದಲು ಪೆಟ್ಟಿಗೆ ಬಿಚ್ಚಿದೆ. ಒಳಗಿದ್ದದ್ದು ಎಎಂಡಿ ಕಂಪನಿಯ 2019ರ ಪ್ರೊಸೆಸರ್ ರೈಜನ್ 5 3600. ರ್‍ಯಾಮ್ ಪಟ್ಟಿಗಳೆರಡೂ ಅಕ್ಕಪಕ್ಕದ ಸ್ಲಾಟಿನಲ್ಲಿ ಕುಳಿತಿದ್ದವು, ಹಾಗಾಗಿ ಎರಡೂ ಪ್ರೊಸೆಸರಿಗೆ ಹೋಗುವ ಒಂದೇ ಚಾನೆಲ್ ಹಂಚಿಕೊಂಡಿದ್ದವು. ಮೇಲೆ 3200 ಎಂದು ವೇಗ ಬರೆದಿದ್ದ ಆ ಪಟ್ಟಿಗಳು ಓಡುತ್ತಿದ್ದದ್ದು 2133ರಲ್ಲಿ, ಏಕೆಂದರೆ ಬಯೋಸ್‌ನಲ್ಲಿ (ಬೋರ್ಡಿನ ಮೂಲ ತಂತ್ರಾಂಶ) ಬರೆದಷ್ಟು ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ಯಾರೂ ಚಾಲೂ ಮಾಡಿರಲೇ ಇಲ್ಲ. ಜೋಡಿಸಿಕೊಟ್ಟವರು ಹಾಗೆಯೇ ಕೊಟ್ಟಿದ್ದರು, ಇವನು ನಾಲ್ಕು ವರ್ಷ ಹಾಗೆಯೇ ಆಡಿದ್ದ. ಒಂದು ಪಟ್ಟಿಯನ್ನು ಒಂದು ಸ್ಲಾಟ್ ಆಚೆ ಸರಿಸಿ, ಬಯೋಸ್‌ನಲ್ಲಿ ಒಂದು ಸಾಲು ಬದಲಿಸಿದೆ. ಅವನನ್ನು ಕಾಡುತ್ತಿದ್ದ ಪೇಟೆಬೀದಿಯ ಮುಗ್ಗರಿಕೆ ತಗ್ಗಿತು, ಹೊಸ ಚಿಪ್ಪಿನ ಮಾತೂ ಅಲ್ಲಿಗೆ ನಿಂತಿತು. ನಾಲ್ಕು ವರ್ಷ ಕೈತಪ್ಪಿದ ಆ ವೇಗ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೀಗೆ ಪ್ರೊಸೆಸರಿನ ವೇಷದಲ್ಲಿ ಬರುವ ಬೇರೆ ತೊಂದರೆಗಳೂ ಇವೆ. ಕೂಲರಿನಲ್ಲಿ ದೂಳು ಕಟ್ಟಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 12 ಬಳಸುವ ಹಲವು ಆಟಗಳು ಹೊಸ ದೃಶ್ಯ ಕಂಡಾಗ ಆ ಗಳಿಗೆಯಲ್ಲೇ ಶೇಡರ್ (ಬೆಳಕು, ಬಣ್ಣ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ) ಸಿದ್ಧಪಡಿಸಲು ಹೋಗಿ ತಡವರಿಸುತ್ತವೆ. ಅದು ಅತ್ಯುತ್ತಮ ಪ್ರೊಸೆಸರಿನಲ್ಲೂ ಆಗುವ ಆಟದ್ದೇ ದೋಷ, ಎರಡನೆಯ ಸಲ ಅದೇ ಜಾಗಕ್ಕೆ ಹೋದಾಗ ಇರುವುದಿಲ್ಲ. ಹಾಗಾಗಿ ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು ಆಟದ ಬಗೆ. ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್ ಮುಂತಾದ ಗುಂಡಿನ ಪೈಪೋಟಿಯ ಆಟಗಳನ್ನು 240 ಹರ್ಟ್ಸ್ ಪರದೆಯಲ್ಲಿ ಕಡಿಮೆ ಗುಣಮಟ್ಟದ ಚಿತ್ರಕ್ಕೆ ಒಗ್ಗಿಸಿಕೊಂಡು ಆಡುವವರಿಗೆ ಪ್ರೊಸೆಸರೇ ಸರ್ವಸ್ವ. ಫ್ಯಾಕ್ಟೋರಿಯೊ, ಸ್ಟೆಲ್ಲಾರಿಸ್‌ನಂಥ ಆಟಗಳಲ್ಲಿ ಕಾರ್ಖಾನೆ, ಸಾಮ್ರಾಜ್ಯ ಬೆಳೆದಷ್ಟೂ ಲೆಕ್ಕ ಬೆಳೆಯುತ್ತದೆ. ಕೊನೆಗೆ ಆಟದೊಳಗಿನ ಕಾಲವೇ ನಿಧಾನವಾಗುತ್ತದೆ. 2024ರ ಮಾರ್ಚ್‌ನಲ್ಲಿ ಡ್ರ್ಯಾಗನ್ಸ್ ಡಾಗ್ಮಾ 2 ಬಂದಾಗ ಪಟ್ಟಣಗಳಲ್ಲಿ ಫ್ರೇಮ್ ದರ ಕುಸಿಯಿತು. ಪ್ರತಿಯೊಂದು ಪಾತ್ರಕ್ಕೂ ಪ್ರೊಸೆಸರಿನ ದೊಡ್ಡ ಪಾಲು ಹೋಗುತ್ತಿದೆ ಎಂದು ತಯಾರಕರಾದ ಕ್ಯಾಪ್‌ಕಾಮ್ ಸಂಸ್ಥೆಯೇ ಒಪ್ಪಿಕೊಂಡಿತು. ಒಂಟಿಯಾಗಿ, ಕಥೆಗಾಗಿ, 60 ಫ್ರೇಮಿಗೆ ತೃಪ್ತಿಪಟ್ಟು ಆಡುವವರ ಸ್ಥಿತಿ ಬೇರೆ. 2020ರ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು ಎಎಂಡಿಯ ಝೆನ್ 2 ಪೀಳಿಗೆಯ ಎಂಟು ಕೋರ್‌ಗಳು. ದೊಡ್ಡ ಆಟಗಳು ಮೊದಲು ಹೊಂದಿಕೊಳ್ಳುವುದು ಅವುಗಳಿಗೆ. ಕನ್ಸೋಲಿನಲ್ಲಿ ಒಂದು ಆಟ 60 ಫ್ರೇಮಿಗೆ ಓಡುತ್ತಿದ್ದರೆ ಅದಕ್ಕಿಂತ ಬಲವಾದ ಪ್ರೊಸೆಸರ್ ಇರುವವರಿಗೆ ಆತಂಕಪಡುವ ಕಾರಣ ಕಡಿಮೆ. ಅಲ್ಲೇ ಪ್ರೊಸೆಸರ್ ಭಾರದಿಂದ 30ಕ್ಕೆ ಕಟ್ಟಿಹಾಕಿದ್ದರೆ, ಅದೇ ಮಟ್ಟದ ಕಂಪ್ಯೂಟರಿನಲ್ಲಿ 60 ಬೇಕೆನ್ನುವುದು ಎರಡು ಪಟ್ಟು ಕೆಲಸ ಕೇಳಿದಂತೆ.

ಬದಲಿಸುವುದು ಖಚಿತವಾದರೆ ಕೋರ್‌ಗಳ ಎಣಿಕೆಗೆ ಮರುಳಾಗಬಾರದು. ಹಂಚಿಕೊಳ್ಳಲಾಗದ ಕೆಲಸದ ಪಾಲು ಎಷ್ಟಿದೆಯೋ ಅದೇ ಒಟ್ಟು ವೇಗಕ್ಕೆ ಕಡಿವಾಣ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಆಟಗಳು ಅದಕ್ಕೆ ನೇರ ಉದಾಹರಣೆ. ಆರು ಅಥವಾ ಎಂಟು ಒಳ್ಳೆಯ ಕೋರ್‌ಗಳಾದ ಮೇಲೆ ಹದಿನಾರು ಇದ್ದರೂ ಆಟಕ್ಕೆ ಸಿಗುವ ಲಾಭ ಅಲ್ಪ. ಇಂದಿನ ದೊಡ್ಡ ಲಾಭ ಚಿಪ್ಪಿನೊಳಗೇ ಇರುವ ಕ್ಯಾಶ್ ಮೆಮೊರಿಯಲ್ಲಿದೆ. ಆಟದ ಲೋಕ ಸಾವಿರಾರು ಸಣ್ಣ ವಸ್ತುಗಳಿಂದ ಕೂಡಿದ್ದು. ಅವುಗಳ ವಿವರ ಚಿಪ್ಪಿನೊಳಗೇ ಸಿಗದಿದ್ದರೆ ಪ್ರೊಸೆಸರ್ ರ್‍ಯಾಮ್‌ವರೆಗೆ ಹೋಗಿ ಬರಬೇಕು, ಆ ಹೋಗಿ ಬರುವಷ್ಟೂ ಹೊತ್ತು ಕೋರ್ ಬರಿಗೈಯಲ್ಲಿ ನಿಂತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಎಎಂಡಿ ತಂದ ರೈಜನ್ 7 5800ಎಕ್ಸ್3ಡಿ ಚಿಪ್ಪಿನಲ್ಲಿ ಹೆಚ್ಚುವರಿ ಕ್ಯಾಶನ್ನು ಪದರವಾಗಿ ಮೇಲೆ ಕೂರಿಸಿ 32 ಎಂಬಿಯನ್ನು 96ಕ್ಕೆ ಏರಿಸಲಾಗಿತ್ತು. ಅದರ ಕ್ಲಾಕ್ ವೇಗ (ಕೋರ್ ಮಿಡಿಯುವ ವೇಗ) ಸಾಮಾನ್ಯ 5800ಎಕ್ಸ್‌ಗಿಂತ ಕಡಿಮೆ. ಹಾಗಿದ್ದೂ ಆಟಗಳಲ್ಲಿ ಅದನ್ನು ಹಿಂದೆ ಹಾಕಿತು. 2024ರ ನವೆಂಬರ್‌ನ 9800ಎಕ್ಸ್3ಡಿಯಲ್ಲಿ ಆ ಪದರ ಕೋರ್‌ಗಳ ಕೆಳಕ್ಕೆ ಹೋಯಿತು. ಶಾಖ ಸಲೀಸಾಗಿ ಕೂಲರಿಗೆ ತಲುಪುವಂತಾಗಿ ಕ್ಲಾಕ್ ವೇಗವನ್ನೂ ಏರಿಸಲು ಸಾಧ್ಯವಾಯಿತು.

ನಿರ್ಧಾರದ ಅರ್ಧ ಭಾಗ ಮದರ್‌ಬೋರ್ಡಿನ ಸಾಕೆಟ್ (ಚಿಪ್ ಕೂರುವ ತಾಣ) ಮೇಲೆ ನಿಂತಿದೆ. ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇರುವವರು ಅದೃಷ್ಟವಂತರು. 2017ರಲ್ಲಿ ಮೊದಲ ರೈಜನ್‌ಗೆಂದು ಕೊಂಡ ಎಷ್ಟೋ ಬೋರ್ಡುಗಳು ಬಯೋಸ್ ನವೀಕರಿಸಿದರೆ 5000 ಸರಣಿಯ ಚಿಪ್ಪನ್ನು ಒಪ್ಪಿಕೊಳ್ಳುತ್ತವೆ. ರ್‍ಯಾಮ್ ಅದೇ, ಬೋರ್ಡ್ ಅದೇ, ಬದಲಾಗುವುದು ಚಿಪ್ ಒಂದೇ. ಇಂಟೆಲ್‌ನ ಎಲ್‌ಜಿಎ 1700 ಬೋರ್ಡಿನಲ್ಲಿ 12, 13, 14ನೆಯ ಪೀಳಿಗೆಗಳು ಕೂರುತ್ತವೆ, ಹೀಗಾಗಿ 12ನೆಯ ಪೀಳಿಗೆಯ ಸಣ್ಣ ಚಿಪ್ ಇದ್ದವರಿಗೂ ಮೇಲೆ ಹತ್ತಲು ಮೆಟ್ಟಿಲಿದೆ. 13 ಮತ್ತು 14ರ ದೊಡ್ಡ ಚಿಪ್ಪುಗಳಲ್ಲಿ ಅತಿ ವೋಲ್ಟೇಜಿನಿಂದ ಅಸ್ಥಿರತೆ ಉಂಟಾಗಿ, 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್ಪಿನೊಳಗಿನ ಸೂಚನೆಗಳು) ಪರಿಹಾರ ಬಿಡುಗಡೆ ಮಾಡಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಪರಿಹಾರ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಲೇ ಆಗಿರುವ ಹಾನಿಯನ್ನು ಸರಿಪಡಿಸುವುದಿಲ್ಲ. ಬಳಸಿದ ಚಿಪ್ ಕೊಳ್ಳುವವರು ಇದನ್ನು ಮರೆಯಬಾರದು. ಇನ್ನೂ ಹಿಂದಿನ ಇಂಟೆಲ್ ಬೋರ್ಡುಗಳವರಿಗೆ ಮುಂದಿನ ಹೆಜ್ಜೆ ಎಂದರೆ ಬೋರ್ಡ್, ರ್‍ಯಾಮ್, ಚಿಪ್ ಮೂರೂ. ಹೊಸದಾಗಿ ಕಟ್ಟುವವರಿಗೆ ನನ್ನ ಒಲವು ಎಎಂಡಿಯ ಹೊಸ ಸಾಕೆಟ್ ಎಎಂ5 ಕಡೆಗೆ. 2022ರಲ್ಲಿ ಬಂದ ಆ ಸಾಕೆಟ್ಟನ್ನು 2027ರವರೆಗೆ ಮತ್ತು ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಇಂಟೆಲ್ 2024ರ ಅಕ್ಟೋಬರ್‌ನಲ್ಲಿ ತಂದ ಕೋರ್ ಅಲ್ಟ್ರಾ 200ಎಸ್ ಚಿಪ್ಪುಗಳು ವಿದ್ಯುತ್ ಉಳಿಸಿದರೂ ಆಟಗಳಲ್ಲಿ ಹಿಂದಿನ ಪೀಳಿಗೆಯನ್ನು ಮೀರಿಸಲಿಲ್ಲ.

ಎಎಂ5ಗೆ ಡಿಡಿಆರ್5 ರ್‍ಯಾಮ್ ಬೇಕೇ ಬೇಕು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಗಗನಕ್ಕೇರಿತು. ಮೈಕ್ರಾನ್ ಸಂಸ್ಥೆ ತನ್ನ ಕ್ರೂಶಿಯಲ್ ಹೆಸರಿನಲ್ಲಿ ಬಳಕೆದಾರರಿಗೆ ರ್‍ಯಾಮ್ ಮಾರುವುದನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಘೋಷಿಸಿತು. ರ್‍ಯಾಮ್ ದುಬಾರಿಯಾಗಿರುವಷ್ಟು ಕಾಲ, ಕೈಯಲ್ಲಿರುವ ಹಿಂದಿನ ಪೀಳಿಗೆಯ ಡಿಡಿಆರ್4 ಬೋರ್ಡಿಗೇ ಉತ್ತಮ ಚಿಪ್ ಹಾಕಿ ಇನ್ನೆರಡು ಮೂರು ವರ್ಷ ನಡೆಸುವುದು ಹಿಂದೆಂದಿಗಿಂತ ಹೆಚ್ಚು ವಿವೇಕದ ದಾರಿ ಎಂದು ನಾನು ನಂಬಿದ್ದೇನೆ. ಮಧ್ಯಮ ಕಾರ್ಡಿಗೆ ಅತಿ ದುಬಾರಿ ಎಕ್ಸ್3ಡಿ ಚಿಪ್ ಜೋಡಿಸುವುದು ಯಾವ ಕಾಲದಲ್ಲೂ ಮೂಗಿಗಿಂತ ಮೂಗುತಿ ಭಾರವೇ.

ಕಾರ್ಡ್ ಬದಲಿಸುವವರೂ ಪ್ರೊಸೆಸರನ್ನು ಮರೆಯುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಟೆಲ್ ಆರ್ಕ್ ಬಿ580, ಹಳೆಯ ಯಂತ್ರಗಳಿಗೆ ಹೇಳಿ ಮಾಡಿಸಿದ ಕಾರ್ಡಿನಂತೆ ಕಂಡಿತು. ಕೆಲವೇ ವಾರಗಳಲ್ಲಿ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಪ್ರೊಸೆಸರಿನ ಮೇಲೆ ಹೇರುವ ಹೆಚ್ಚುವರಿ ಹೊರೆಯಿಂದಾಗಿ ಹಳೆಯ ಚಿಪ್ಪುಗಳ ಜೊತೆ ಕೆಲವು ಆಟಗಳಲ್ಲಿ ತೀರಾ ಹಿಂದೆ ಬೀಳುತ್ತದೆ ಎಂಬುದು ಪರೀಕ್ಷೆಗಳಲ್ಲಿ ಹೊರಬಿತ್ತು.

ಫ್ರೇಮ್ ದರಕ್ಕೆ ಸಂಬಂಧವೇ ಇಲ್ಲದ ಕಾರಣವೊಂದೂ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ ಇಂಟೆಲ್‌ನ 8ನೆಯ ಪೀಳಿಗೆ, ರೈಜನ್ 2000 ಸರಣಿಯಿಂದ ಈಚಿನವನ್ನು. ಬ್ಯಾಟಲ್‌ಫೀಲ್ಡ್ 6ರಂಥ ಆಟಗಳು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಏಳುವಾಗ ನಡೆಯುವ ಭದ್ರತಾ ತಪಾಸಣೆ) ಇಲ್ಲದೆ ತೆರೆಯುವುದೇ ಇಲ್ಲ. ನಾಲ್ಕು ಕೋರ್‌ಗಳ 7ನೆಯ ಪೀಳಿಗೆಯಲ್ಲಿ ನಿಂತವರು ಅಳೆಯುತ್ತ ಕೂರಬೇಕಿಲ್ಲ, ಅವರ ಯಂತ್ರಕ್ಕೆ ಬದಲಾವಣೆಯ ಕಾಲ ಬಂದಿದೆ.

ಚಿಪ್ ಮನೆಗೆ ಬಂದ ದಿನ ಹಳೆಯದನ್ನು ಕೀಳುವ ಮೊದಲೇ ಬಯೋಸ್ ನವೀಕರಿಸಿ. ಹೊಸ ಚಿಪ್ಪನ್ನು ಗುರುತಿಸದ ಬೋರ್ಡ್ ಪರದೆ ಬೆಳಗಿಸುವುದೇ ಇಲ್ಲ. ಎಎಂ4 ಚಿಪ್ಪುಗಳಿಗೆ ಕಾಲಿನಂಥ ಪಿನ್‌ಗಳಿರುತ್ತವೆ, ಒಣಗಿದ ಪೇಸ್ಟ್ ಚಿಪ್ಪನ್ನು ಕೂಲರಿನ ತಳಕ್ಕೆ ಅಂಟಿಸಿಬಿಟ್ಟಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಸಾಕೆಟ್ಟಿನ ಹಿಡಿ ಬಿಡಿಸದೆಯೇ ಚಿಪ್ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ. ಹತ್ತು ನಿಮಿಷ ಯಾವುದಾದರೂ ಭಾರದ ಆಟ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವುತ್ತ ಬಿಡಿಸಿ. ಜೋಡಣೆ ಮುಗಿದ ಮೇಲೆ ರ್‍ಯಾಮ್ ವೇಗದ ಆಯ್ಕೆಯನ್ನು ಮತ್ತೊಮ್ಮೆ ನೋಡಿ, ಬಯೋಸ್ ನವೀಕರಿಸಿದಾಗ ಅದು ಮೂಲ ಸ್ಥಿತಿಗೆ ಮರಳಿರುವ ಸಂಭವ ಹೆಚ್ಚು. ಆಮೇಲೆ ಅಂದು ಉಳಿಸಿಟ್ಟ ಅದೇ ಆಟ ತೆರೆದು, ಅದೇ ಬೀದಿಯಲ್ಲಿ, ಅದೇ ಮೂರು ನಿಮಿಷ ನಡೆಯಿರಿ. ಹಳೆಯ ದಾಖಲೆಯ ಪಕ್ಕದಲ್ಲಿ ಹೊಸದನ್ನು ಇಟ್ಟಾಗ ಕೆಳಗಿನ ಅಂಕಿ ಮೇಲೆದ್ದು, ಗ್ರಾಫಿಕ್ಸ್ ಕಾರ್ಡಿನ ಬಳಕೆ 97ರ ಆಸುಪಾಸಿನಲ್ಲಿ ನಿಂತಿದ್ದರೆ, ಇನ್ನು ಕಾಯುವ ಸರದಿ ಪ್ರೊಸೆಸರಿನದು.